ಹೆಸರಿಗೇನು ಬರ ಬಂದಿಲ್ಲರಿ

‘ಹೊಸ ಹೆಸರು ಹೊಳೀಲಾರದಕ್ಕೇ ನೌಕಾಪಡೆಯವರು ಹಳೆ ಯುದ್ಧನೌಕೆಗಳ ಹೆಸರನ್ನ ತಿರುಗಿ ಇಡ್ತಾರ’ ಅಂತ ನಿಮ್ಮ ಲೇಖನದಾಗ ಬರದೀರಲ್ಲ ಸರ್, ಆ ಒಂದು ಮಾತು ಗಂಟಲಾಗ ಇಳೀಲಿಲ್ಲ. ಐಎನ್‌ಎಸ್ ಖುಕ್ರಿ ನೋಡ್ರಿ. 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಜಲಾಂತರ್ಗಾಮಿ ಅದನ್ನ ಮುಳುಗಿಸ್ತು. ಹಡಗು ಬಿಟ್ಟು ಬರಲಾರದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಹೋದರು. ಹೆಸರಿಗೆ ಬರ ಇದ್ದದ್ದೇ ಕಾರಣ ಅಂದ್ರ, ಇಷ್ಟು ನೋವಿನ ಹೆಸರನ್ನೇ ಯಾಕ ಹುಡುಕಿ 1989ರಾಗ ಹೊಸ ಹಡಗಿಗೆ ಇಟ್ರು?

ಐಎನ್‌ಎಸ್ ಮೈಸೂರಿನದು ಇನ್ನೂ ಮಜಾ. 1957ರಾಗ ಬ್ರಿಟನ್ನಿನಿಂದ ಬಂದ ಹಳೆ ಕ್ರೂಸರ್ ಯುದ್ಧನೌಕೆಯ ಹೆಸರಷ್ಟೇ ಅಲ್ಲ, ಮೈಮ್ಯಾಲಿನ 60 ನಂಬರೂ 1999ರ ಹೊಸ ಡಿಸ್ಟ್ರಾಯರ್ ಯುದ್ಧನೌಕೆಗೆ ಬಂತು. ನಂಬರಿಗೂ ಬರ ಬಂದಿತ್ತೇನ್ರಿ?

ನಮ್ಮ ಕಲಬುರಗಿ ಕಡಿ ಅಜ್ಜನ ಹೆಸರು ಮೊಮ್ಮಗಗ ಇಡೋದು ಅದ. ನನ್ನ ಮಗಗೂ ನಮ್ಮಪ್ಪನ ಹೆಸರೇ, ಶರಣಬಸಪ್ಪ. ನಮ್ಮವ್ವ ಗಂಡನ ಹೆಸರು ಬಾಯಿಲೆ ಅನ್ನಬಾರದಂತ ಅವನಿಗೆ ‘ಯಪ್ಪಾ’ ಅಂತಾಳ. ಎಷ್ಟು ಕಿತಾಪತಿ ಮಾಡಿದ್ರೂ ಬೈಯಂಗಿಲ್ಲ! ಹಡಗಿನ ಹುಡುಗರ ಮ್ಯಾಲೂ ಆ ಹೆಸರಿನ ಭಾರ ಹಿಂಗೇ ಇರಬಹುದು.

ಎರಡು ಹಡಗಿಗೆ ಒಂದೇ ಹೆಸರಿದ್ರ ಓದೋರಿಗೆ ಗೊಂದಲ ಆಗ್ತದ ಅಂತ ನೀವು ಅಂದದ್ದು ಮಾತ್ರ ಖರೇ. ಅದಕ್ಕ ಹೆಸರಿನ ಬಾಜು ಇಸವಿ ಹಾಕ್ರಿ ಸರ್. 1971ರ ಯುದ್ಧದಾಗ ಬಂಗಾಳ ಕೊಲ್ಲಿಯಾಗಿದ್ದ ವಿಮಾನವಾಹಕ ನೌಕೆ ವಿಕ್ರಾಂತ ಬ್ಯಾರೆ, 2022ರಾಗ ಕೊಚ್ಚಿಯಾಗ ಪಡೆಗೆ ಸೇರಿದ್ದು ಬ್ಯಾರೆ. ನಿಮ್ಮ ಲೇಖನದ ಫೋಟೊದಾಗ ಯಾವುದು ಅಂತ ತಿಳೀಲೇ ಇಲ್ಲ.