ಡ್ರೈವರ್ ಇಲ್ಲದ ಕಾರು ಬಂದರೆ ರಸ್ತೆಯಲ್ಲಿ ಸಾವು ಕಡಿಮೆ ಆಗುತ್ತಾ?

ಪರ

ಆಗುತ್ತೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷಕ್ಕೂ ಜಾಸ್ತಿ. ಅದರಲ್ಲಿ ನೂರಕ್ಕೆ ಎಪ್ಪತ್ತು ಸಾವಿಗೆ ಅತಿವೇಗವೇ ಕಾರಣ ಅಂತ ಸರ್ಕಾರದ ವರದಿಯೇ ಹೇಳುತ್ತದೆ. ನಾವು ಗುಂಡಿಗಳನ್ನು ಬೈಯ್ಕೊಂಡು ಓಡಾಡುತ್ತೇವೆ, ಆಕ್ಸಿಲರೇಟರ್ ಮೇಲಿರುವ ನಮ್ಮ ಕಾಲನ್ನು ಮಾತ್ರ ಯಾರೂ ಬೈಯಲ್ಲ. ಯಂತ್ರಕ್ಕೆ ಆ ಚಪಲ ಇಲ್ಲ. ಕುಡಿಯಲ್ಲ, ರಾತ್ರಿ ತೂಕಡಿಸಲ್ಲ, ಓಡಿಸುತ್ತಾ ವಾಟ್ಸಾಪ್ ನೋಡಲ್ಲ.

ಇದೆಲ್ಲ ಸುಮ್ನೆ ಕನಸು ಅನ್ನುವವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆ ನೋಡಲಿ. 2024ರ ಜೂನ್‌ನಿಂದ ಅಲ್ಲಿ ಯಾರು ಬೇಕಾದರೂ ವೇಮೋ ಕಂಪನಿಯ ಡ್ರೈವರ್ ಇಲ್ಲದ ಟ್ಯಾಕ್ಸಿ ಕರೆಯಬಹುದು. ಡ್ರೈವರ್ ಸೀಟು ಖಾಲಿ, ಸ್ಟೀರಿಂಗ್ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಕಾರಿನ ತಲೆ ಮೇಲಿನ ಲೈಡಾರ್ ಅನ್ನುವ ಸಾಧನ ಲೇಸರ್ ಕಿರಣ ಬಿಟ್ಟು, ಕತ್ತಲಲ್ಲೂ, ಸುತ್ತಲಿರುವುದೆಲ್ಲ ಎಷ್ಟು ದೂರ ಅಂತ ಅಳೆಯುತ್ತಲೇ ಇರುತ್ತದೆ. ನಾವೋ ಕನ್ನಡಿ ನೋಡುವಾಗ ಮುಂದೆ ನೋಡಲ್ಲ, ಮುಂದೆ ನೋಡುವಾಗ ಎಡಗಡೆ ನುಗ್ಗಿದ ಸ್ಕೂಟರ್ ಕಾಣಲ್ಲ. ಒಂದು ಕಾರು ಮಾಡಿದ ತಪ್ಪನ್ನು ಸಾಫ್ಟ್‌ವೇರ್‌ನಲ್ಲಿ ತಿದ್ದಿದರೆ ಉಳಿದ ಕಾರುಗಳೂ ತಿದ್ದಿಕೊಳ್ಳುತ್ತವೆ. (ನಮ್ಮಲ್ಲಿ ಒಮ್ಮೆ ಎಂಟು ಹಾಕಿ ಲೈಸೆನ್ಸ್ ತಗೊಂಡರೆ ಮುಗೀತು, ಆಮೇಲೆ ಕಲಿಯುವ ಮಾತೇ ಇಲ್ಲ.)

ವಿರೋಧ

ಅದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2023ರ ಅಕ್ಟೋಬರ್ 2ರ ರಾತ್ರಿ ಏನಾಯಿತು ಅಂತಲೂ ನೋಡೋಣ. ಮನುಷ್ಯರೇ ಓಡಿಸುತ್ತಿದ್ದ ಒಂದು ಕಾರು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಗುದ್ದಿತು. ಆಕೆ ಪಕ್ಕದ ಲೇನಿನಲ್ಲಿ ಬರುತ್ತಿದ್ದ ಕ್ರೂಸ್ ಕಂಪನಿಯ ಡ್ರೈವರ್ ಇಲ್ಲದ ಕಾರಿನ ಮುಂದೆ ಬಿದ್ದರು. ಅದು ಬ್ರೇಕ್ ಹಾಕಿತು, ಆದರೂ ಗುದ್ದಿಯೇ ನಿಂತಿತು. ಅಲ್ಲಿವರೆಗೆ ಅದನ್ನು ಬೈಯುವ ಹಾಗಿಲ್ಲ. ಆಮೇಲೆ, ಅಪಘಾತವಾದರೆ ರಸ್ತೆ ಬದಿಗೆ ಹೋಗಿ ನಿಲ್ಲಬೇಕು ಅಂತ ಅದಕ್ಕೆ ಕಲಿಸಿದ್ದರಲ್ಲ, ಹಾಗಾಗಿ ಮತ್ತೆ ಹೊರಟಿತು, ಕೆಳಗೆ ಸಿಕ್ಕಿಕೊಂಡಿದ್ದ ಆಕೆಯನ್ನು ಸುಮಾರು 20 ಅಡಿ ಎಳೆದುಕೊಂಡು. ಎಂಥಾ ಒರಟ ಡ್ರೈವರ್ ಆದರೂ ಇಳಿದು, ಬಗ್ಗಿ ನೋಡುತ್ತಿದ್ದ, ಅಲ್ವಾ? ಸಾಲದ್ದಕ್ಕೆ ಎಳೆದ ಸಂಗತಿಯನ್ನೇ ವರದಿಯಲ್ಲಿ ಬಿಟ್ಟಿದ್ದಾಗಿ ಕಂಪನಿ ಆಮೇಲೆ ಒಪ್ಪಿಕೊಂಡಿತು. ಡ್ರೈವರ್ ಆಗಿದ್ದರೆ ಸ್ಟೇಷನ್‌ಗೆ ಕರೆದೊಯ್ಯುತ್ತಿದ್ದರು. ಇಲ್ಲಿ ಯಾರನ್ನು ಕರೆದೊಯ್ಯೋಣ?

ನಮ್ಮ ಊರುಗಳಲ್ಲಿ ಜನ ಕೈ ಅಡ್ಡ ಹಿಡಿದು, ಡ್ರೈವರ್ ಮುಖ ನೋಡಿ, ನಿಲ್ಲಿಸ್ತಾನೆ ಅಂತ ಗೊತ್ತಾದ ಮೇಲೆ ರಸ್ತೆಗೆ ಇಳಿಯುತ್ತಾರೆ. ಖಾಲಿ ಸೀಟಲ್ಲಿ ಯಾರ ಮುಖ ನೋಡೋದು?

ಡ್ರೈವರ್‌ಗಳ ಕೆಲಸ ಹೋಗುತ್ತೆ, ಹಾಗಾಗಿ ಇಂಥ ಕಾರುಗಳನ್ನು ಬಿಡಲ್ಲ ಅಂತ ಕೇಂದ್ರ ರಸ್ತೆ ಸಾರಿಗೆ ಸಚಿವರಾಗಿ ನಿತಿನ್ ಗಡ್ಕರಿ 2023ರಲ್ಲೇ ಹೇಳಿದ್ದಾರೆ. ಕಾರಣ ಸರಿ, ಆದರೆ ಅದಕ್ಕಿಂತ ದೊಡ್ಡದು ಸರ್ಕಾರದ ಅದೇ ವರದಿಯಲ್ಲಿದೆ. 2022ರಲ್ಲಿ ಸತ್ತವರಲ್ಲಿ ನೂರಕ್ಕೆ ಸುಮಾರು 44 ಜನ ದ್ವಿಚಕ್ರ ವಾಹನದವರು, ಸುಮಾರು 19 ಜನ ನಡೆದು ಹೋಗುತ್ತಿದ್ದವರು. ಕಾರೆಲ್ಲ ಜಾಣ ಆದರೂ ಬೈಕನ್ನು ಮನುಷ್ಯರೇ ಓಡಿಸಬೇಕು, ಲಾರಿ ಕೂಡ ನಾಳೆಗೇನೂ ಬದಲಾಗಲ್ಲ. ಅತಿವೇಗ ನಿಲ್ಲಿಸಲು ಕ್ಯಾಮೆರಾ, ದಂಡ, ಹಂಪ್ ಇವೆ. ನಡೆಯುವವರಿಗೆ ಫುಟ್‌ಪಾತ್ ಬೇಕು, ಅಂಗಡಿ ಸಾಮಾನು, ಟ್ರಾನ್ಸ್‌ಫಾರ್ಮರ್ ಇಲ್ಲದ ಫುಟ್‌ಪಾತ್. ಲೈಡಾರ್‌ಗೆ ಹಾಕುವ ದುಡ್ಡು ಮೊದಲು ಅಲ್ಲಿಗೆ ಹೋಗಲಿ.