ಎಲ್ಲ ಹಸಿರಾಗಿದ್ದರೆ ನಷ್ಟ ಎಲ್ಲಿಂದ ಬಂತು?

ಮಿಷಿಗನ್‌ಗೆ ಬಂದು ಇಪ್ಪತ್ತೆರಡು ವರ್ಷ ಆಯಿತು. ಅಷ್ಟೂ ವರ್ಷ ಕಾರಿನ ಬಿಡಿಭಾಗ ಮಾಡುವ ಕಂಪನಿಗಳಲ್ಲೇ ಕೆಲಸ, ಜಾಸ್ತಿ ಕ್ವಾಲಿಟಿ ವಿಭಾಗದಲ್ಲಿ. ನಾಯಕತ್ವದ ಬಗ್ಗೆ ಪಾಠ ಹೇಳುವವರು ಇಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ದೂರದೃಷ್ಟಿ ಇರಬೇಕು, ಹುರುಪು ತುಂಬಬೇಕು, ಮುಂದೆ ನಿಂತು ನಡೆಸಬೇಕು, ಹೀಗೆ. ನನಗೆ ಅದರಲ್ಲಿ ಆಸಕ್ತಿ ಹೋಗಿ ತುಂಬಾ ದಿನ ಆಯಿತು. ಈಗ ಯಾವ ಕಂಪನಿಗೆ ಹೋದರೂ ನಾನು ನೋಡುವುದು ಒಂದೇ. ಕೆಳಗೆ ಏನೋ ಕೆಟ್ಟಿದೆ ಅನ್ನುವ ಸುದ್ದಿ ಮೇಲಿನವರ ಕಿವಿಗೆ ಬೀಳಲು ಎಷ್ಟು ದಿನ ಹಿಡಿಯುತ್ತದೆ?

ಇಲ್ಲಿಗೆ ಬರುವಾಗ ನನ್ನದೊಂದು ನಂಬಿಕೆ ಇತ್ತು. ದೊಡ್ಡವರ ಮುಂದೆ ಬಾಯಿ ಮುಚ್ಚಿಕೊಂಡಿರುವುದು ನಮ್ಮವರ ಕಾಯಿಲೆ, ಅಮೆರಿಕದವರು ನೇರ ಮಾತಿನವರು ಅಂತ. ಮೊದಮೊದಲು ಹಾಗೇ ಕಂಡಿತು ಕೂಡ. ನಾವು ಮಾತು ಮಾತಿಗೂ ಸಾರ್ ಅನ್ನುವವರು, ಇವರು ಬಾಸ್‌ನನ್ನು ಹೆಸರು ಹಿಡಿದು ಕರೆಯುತ್ತಾರೆ, ಮೀಟಿಂಗ್‌ನಲ್ಲಿ ಜೋರಾಗಿ ವಾದ ಮಾಡುತ್ತಾರೆ. ಹೆಸರು ಹಿಡಿದು ಕರೆಯುವುದಕ್ಕೂ ನಿಜ ಹೇಳುವುದಕ್ಕೂ ಏನೂ ಸಂಬಂಧ ಇಲ್ಲ ಅಂತ ಗೊತ್ತಾಗಲು ಸ್ವಲ್ಪ ಕಾಲ ಬೇಕಾಯಿತು.

2014ರಲ್ಲಿ ಜನರಲ್ ಮೋಟರ್ಸ್‌ನ ಇಗ್ನಿಷನ್ ಸ್ವಿಚ್ ಗಲಾಟೆ ನೆನಪಿರಬಹುದು. ಓಡುತ್ತಿರುವ ಕಾರಿನ ಕೀ ತಾನಾಗಿ ಜಾರಿ, ಎಂಜಿನ್ ಆರಿ, ಅಪಘಾತ ಆದಾಗ ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಕೊನೆಗೆ 124 ಸಾವುಗಳಿಗೆ ಪರಿಹಾರ ಕೊಡಬೇಕಾಯಿತು. ಸ್ವಿಚ್‌ನಲ್ಲಿ ತೊಂದರೆ ಇದೆ ಅಂತ ಕಂಪನಿಯ ಒಳಗೆ ಹತ್ತು ವರ್ಷಕ್ಕೂ ಮುಂಚಿನಿಂದ ಒಬ್ಬರಲ್ಲ ಒಬ್ಬರಿಗೆ ಗೊತ್ತಿತ್ತು. ಕಂಪನಿಯೇ ಮಾಡಿಸಿದ ತನಿಖೆಯ ವರದಿಯಲ್ಲಿ ಒಂದು ಮಾತು ಬರುತ್ತದೆ, 'ಜಿಎಂ ನಾಡ್' ಅಂತ, ಅಂದರೆ ಜನರಲ್ ಮೋಟರ್ಸ್ ತಲೆಯಾಟ. ಎಲ್ಲರೂ ಕೂತು, ಹೌದು ಇದನ್ನು ಮಾಡಲೇಬೇಕು ಅಂತ ಗೋಣು ಆಡಿಸುವುದು, ಹೊರಗೆ ಹೋದ ಮೇಲೆ ಯಾರೂ ಏನೂ ಮಾಡದೇ ಇರುವುದು. ಅದನ್ನು ಓದಿದ ದಿನ ನನಗೆ ನಗುವೂ ಬಂತು, ಒಂಥರಾ ಸಮಾಧಾನವೂ ಆಯಿತು. ನಮ್ಮ ತಲೆಯಾಟ ಅಡ್ಡಡ್ಡ, ಇವರದು ಮೇಲೆ ಕೆಳಗೆ. ವ್ಯತ್ಯಾಸ ಅಷ್ಟೇ!

ತಮಾಷೆ ಅಂದರೆ ಇದೇ ಕಂಪನಿಯನ್ನು ಕಟ್ಟಿ ನಿಲ್ಲಿಸಿದ ಆಲ್‌ಫ್ರೆಡ್ ಸ್ಲೋನ್ ಬಗ್ಗೆ ಒಂದು ಪ್ರಸಂಗ ಹೇಳುತ್ತಾರೆ. ಒಂದು ದೊಡ್ಡ ನಿರ್ಧಾರಕ್ಕೆ ಮೀಟಿಂಗ್‌ನಲ್ಲಿ ಎಲ್ಲರೂ ಹೂಂಗುಟ್ಟಿದರಂತೆ. ಹಾಗಾದರೆ ಇವತ್ತು ತೀರ್ಮಾನ ಬೇಡ, ಮುಂದಿನ ಸಲಕ್ಕೆ ಮುಂದೂಡೋಣ, ಅಷ್ಟರಲ್ಲಿ ಯಾರಾದರೂ ಭಿನ್ನಾಭಿಪ್ರಾಯ ಹುಡುಕಿಕೊಂಡು ಬನ್ನಿ ಅಂದರಂತೆ ಸ್ಲೋನ್. ಅಂಥವರು ಕಟ್ಟಿದ ಮನೆಯಲ್ಲೇ ಗೋಣಾಟಕ್ಕೆ ಕಂಪನಿಯ ಹೆಸರು ಬಿತ್ತು ನೋಡಿ.

ಬೇರೆಯವರ ಕಥೆ ಬಿಡಿ, ನನ್ನದೂ ಇದೆ. ಬಂದು ಎರಡು ವರ್ಷ ಆಗಿತ್ತು. ಸೀಟಿನ ಕೆಳಗೆ ಬರುವ ಒಂದು ಬ್ರಾಕೆಟ್, ಹೊಸ ಕಾರಿನ ಲಾಂಚ್. ಅವತ್ತು ಬೆಳಿಗ್ಗೆ ಎಳೆದು ನೋಡುವ ಪರೀಕ್ಷೆಯಲ್ಲಿ ನಾಲ್ಕು ಬ್ರಾಕೆಟ್‌ಗಳ ವೆಲ್ಡ್ ಬಿಟ್ಟುಕೊಂಡಿತ್ತು. ಮಧ್ಯಾಹ್ನದ ಮೀಟಿಂಗ್‌ನಲ್ಲಿ ಪ್ಲಾಂಟ್ ಮ್ಯಾನೇಜರ್, ಎಲ್ಲ ಸರಿ ಇದೆ ತಾನೆ ಅಂದರು. ನಾನು ತಲೆ ಆಡಿಸಿದೆ. ರಾತ್ರಿ ಶಿಫ್ಟ್‌ನವರು ಮೆಷಿನ್ ಸೆಟ್ಟಿಂಗ್ ಬದಲಾಯಿಸಿಬಿಟ್ಟರೆ ಆಯಿತಲ್ಲ, ಸುಮ್ನೆ ಯಾಕೆ ಈಗ ಎಲ್ಲರ ಮುಂದೆ ಅಂತ. ಮೂರನೇ ದಿನ ಗ್ರಾಹಕ ಕಂಪನಿಯಿಂದ ಫೋನ್ ಬಂತು. ಆಮೇಲೆ ಎರಡು ವಾರ ಅವರ ಯಾರ್ಡ್‌ನಲ್ಲಿ, ಹಿಮದಲ್ಲಿ, ಕೈಯಲ್ಲಿ ಟಾರ್ಚ್ ಹಿಡಿದು ಒಂದೊಂದು ಕಾರಿನ ಸೀಟಿನ ಕೆಳಗೂ ಬಗ್ಗಿ ನೋಡಿದ್ದೇನೆ. ಮ್ಯಾನೇಜರ್ ಬೈಯಲಿಲ್ಲ. 'ನಾನು ಕೇಳಿದಾಗಲೇ ನಿನಗೆ ಗೊತ್ತಿತ್ತಾ?' ಅಂತ ಒಂದೇ ಮಾತು ಕೇಳಿದರು. ಅದಕ್ಕೂ ನಾನು ನೇರವಾಗಿ ಉತ್ತರ ಕೊಡಲಿಲ್ಲ.

ಹಾಗಾಗಿ 2006ರಲ್ಲಿ ಫೋರ್ಡ್‌ನಲ್ಲಿ ನಡೆದದ್ದು ಕೇಳಿದಾಗ ನನಗೆ ಅದು ಬರೀ ಕಥೆ ಅನಿಸಲಿಲ್ಲ. ಬೋಯಿಂಗ್‌ನಲ್ಲಿ ವಿಮಾನ ಮಾಡುತ್ತಿದ್ದ ಆಲನ್ ಮುಲಾಲಿ ಅವರನ್ನು ಫೋರ್ಡ್ ಮುಖ್ಯಸ್ಥರನ್ನಾಗಿ ಕರೆತಂದರು. ಕಾರಿನ ಗಂಧ ಗಾಳಿ ಇಲ್ಲದ ಮನುಷ್ಯ ಅಂತ ಕಾರು ಕಂಪನಿಗಳ ಊರಾದ ಡೆಟ್ರಾಯಿಟ್‌ನಲ್ಲಿ ಮೂಗು ಮುರಿದವರು ಬಹಳ. ಆ ಒಂದು ವರ್ಷ ಫೋರ್ಡ್‌ಗೆ ಆದ ನಷ್ಟ 1200 ಕೋಟಿ ಡಾಲರ್‌ಗೂ ಜಾಸ್ತಿ. ಮುಲಾಲಿ ಪ್ರತಿ ಗುರುವಾರ ಎಲ್ಲ ವಿಭಾಗದವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಬಣ್ಣದ ಪಟ್ಟಿ ತರಲು ಹೇಳಿದರು. ಸರಿ ಇದ್ದರೆ ಹಸಿರು, ಅನುಮಾನ ಇದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ವಾರಗಟ್ಟಲೆ ಎಲ್ಲರ ಪಟ್ಟಿಯೂ ಹಸಿರೋ ಹಸಿರು. ಕೋಟಿಗಟ್ಟಲೆ ಕಳೆದುಕೊಳ್ಳುತ್ತಿದ್ದೇವೆ, ಸರಿಯಿಲ್ಲದ್ದು ಒಂದೂ ಇಲ್ವಾ ಅಂತ ಅವರು ಕೇಳಿದರು. ಎಲ್ಲರೂ ನೆಲ ನೋಡಿದರು.

ಕೊನೆಗೆ ಅಮೆರಿಕ ವಿಭಾಗ ನೋಡಿಕೊಳ್ಳುತ್ತಿದ್ದ ಮಾರ್ಕ್ ಫೀಲ್ಡ್ಸ್ ಒಂದು ಕೆಂಪು ತಂದರು. ಕೆನಡಾದ ಕಾರ್ಖಾನೆಯಲ್ಲಿ ಹೊಸ ಎಡ್ಜ್ ಕಾರಿನ ಹಿಂದಿನ ಬಾಗಿಲಿನ ತೊಂದರೆ, ಲಾಂಚ್ ನಿಲ್ಲಿಸಬೇಕಾಗಿತ್ತು. ಇವನ ಕಥೆ ಮುಗಿಯಿತು ಅಂತ ಕೋಣೆಯಲ್ಲಿದ್ದವರೆಲ್ಲ ಅಂದುಕೊಂಡರಂತೆ. ಮುಲಾಲಿ ಚಪ್ಪಾಳೆ ತಟ್ಟಿದರು. ಇದಕ್ಕೆ ಯಾರು ಸಹಾಯ ಮಾಡಬಹುದು ಅಂತ ಕೇಳಿದರು. ಬೇರೆ ವಿಭಾಗದವರು ಅಲ್ಲೇ ಕೈ ಎತ್ತಿದರು. ಆದರೆ ನನಗೆ ಈ ಕಥೆಯಲ್ಲಿ ಇಷ್ಟವಾದದ್ದು ಚಪ್ಪಾಳೆ ಅಲ್ಲ, ಆಮೇಲಿನದು. ಮುಂದಿನ ವಾರ ಬೇರೆ ಯಾರೂ ಕೆಂಪು ತರಲಿಲ್ಲ! ಫೀಲ್ಡ್ಸ್ ಕೆಲಸ ನಿಜವಾಗಿಯೂ ಉಳಿದಿದೆಯಾ ಅಂತ ಕಾದು ನೋಡಿದರು. ಉಳಿದಿದೆ ಅಂತ ಖಾತ್ರಿ ಆದ ಮೇಲೆ ಬಣ್ಣಗಳು ಬಂದವು. 2009ರಲ್ಲಿ ಜಿಎಂ, ಕ್ರೈಸ್ಲರ್ ಎರಡೂ ದಿವಾಳಿ ಕೋರ್ಟ್ ಮೆಟ್ಟಿಲು ಹತ್ತಿದವು, ಫೋರ್ಡ್ ಹತ್ತಲಿಲ್ಲ. ಅದಕ್ಕೆ ಮೊದಲೇ ಎತ್ತಿಟ್ಟಿದ್ದ ದೊಡ್ಡ ಸಾಲವೂ ಕಾರಣ, ಬರೀ ಚಪ್ಪಾಳೆಯಿಂದ ಕಂಪನಿ ಉಳಿಯಲ್ಲ.

ಜಪಾನಿನವರ ದಾರಿ ಬೇರೆ. ಧೈರ್ಯ ಮಾಡಿ ಹೇಳಿ ಅಂತ ಅವರು ಯಾರನ್ನೂ ಕೇಳಿಕೊಳ್ಳುವುದಿಲ್ಲ, ಕೈಗೆ ಹಗ್ಗ ಕೊಟ್ಟುಬಿಡುತ್ತಾರೆ. ಟೊಯೊಟಾ ಲೈನ್‌ನಲ್ಲಿ ತಪ್ಪು ಕಂಡ ಕೆಲಸಗಾರ ಅಂಡಾನ್ ಹಗ್ಗ ಎಳೆಯುತ್ತಾನೆ. ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ, ಅಷ್ಟರಲ್ಲಿ ಸರಿ ಹೋಗದಿದ್ದರೆ ಲೈನ್ ನಿಲ್ಲುತ್ತದೆ. ಇದರ ಬೇರು ಕಾರಿನಲ್ಲಿಲ್ಲ, ಮಗ್ಗದಲ್ಲಿದೆ. ನೂಲು ಹರಿದರೆ ತಾನಾಗಿ ನಿಲ್ಲುವ ಮಗ್ಗ ಮಾಡಿದವರು ಸಾಕಿಚಿ ಟೊಯೊಡಾ, ಟೊಯೊಟಾ ಕಾರು ಕಂಪನಿ ಕಟ್ಟಿದವರ ತಂದೆ.

ಇದು ಜಪಾನಿನವರ ರಕ್ತದಲ್ಲಿದೆ, ನಮಗೆ ಬರಲ್ಲ ಅನ್ನುವವರಿಗೆ ಫ್ರೀಮಾಂಟ್ ಒಂದು ಉತ್ತರ. ಕ್ಯಾಲಿಫೋರ್ನಿಯಾದ ಆ ಕಾರ್ಖಾನೆಯನ್ನು ಜಿಎಂ 1982ರಲ್ಲಿ ಮುಚ್ಚಿತ್ತು. ಹೇಳದೇ ಕೇಳದೇ ರಜೆ, ಜಗಳ, ಕೆಟ್ಟ ಕಾರುಗಳು, ಎಲ್ಲದಕ್ಕೂ ಹೆಸರಾಗಿತ್ತು. 1984ರಲ್ಲಿ ಟೊಯೊಟಾ ಜೊತೆ ಸೇರಿ ಮತ್ತೆ ತೆರೆದಾಗ ತೆಗೆದುಕೊಂಡದ್ದು ಹೆಚ್ಚಿನಂಶ ಅದೇ ಜನರನ್ನು. ಅದೇ ಯೂನಿಯನ್ ಕೂಡ. ಆ ಜನರೇ ಜಿಎಂನ ಅತ್ಯುತ್ತಮ ಕಾರುಗಳನ್ನು ಮಾಡಿದರು. ಆದರೆ ಜಿಎಂ ಇದನ್ನು ಬೇರೆ ಕಡೆ ನಕಲು ಮಾಡಲು ಹೋಗಿ ವರ್ಷಗಟ್ಟಲೆ ಪರದಾಡಿತು. ಹಗ್ಗ ನೇತುಹಾಕುವುದು ಸುಲಭ, ಎಳೆದವನ ಮೇಲೆ ಸೂಪರ್‌ವೈಸರ್ ಕಣ್ಣು ಕೆಂಪಗೆ ಮಾಡದೇ ಇರುವುದು ಕಷ್ಟ ಅಲ್ವಾ?

ಟೊಯೊಟಾ ದೇವರೇನಲ್ಲ. 2010ರಲ್ಲಿ ಮಾರಿದ ಕಾರುಗಳನ್ನೇ ವಾಪಸ್ ಕರೆಸುವ ರಿಕಾಲ್ ಮೇಲೆ ರಿಕಾಲ್ ಆಗಿ, ಆಗ ಕಂಪನಿಯ ಮುಖ್ಯಸ್ಥರಾಗಿದ್ದ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಮುಂದೆ ಕೂತು, ಜನರನ್ನು ತಯಾರು ಮಾಡುವುದಕ್ಕಿಂತ ವೇಗವಾಗಿ ಬೆಳೆದುಬಿಟ್ಟೆವು ಅಂತ ಒಪ್ಪಿಕೊಂಡರು. ಜರ್ಮನಿಯವರ ಜೊತೆಗೂ ಕೆಲಸ ಮಾಡಿದ್ದೇನೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೆ ಮುಖ ಮೂತಿ ನೋಡದೆ ಜಗಳ ಆಡುವ ಜನ. ಆದರೂ 2015ರಲ್ಲಿ ಫೋಕ್ಸ್‌ವ್ಯಾಗನ್‌ನ ಹೊಗೆ ಪರೀಕ್ಷೆಯ ಮೋಸ ಹೊರಬಿದ್ದಾಗ, ಪರೀಕ್ಷೆಯ ಹೊತ್ತಲ್ಲಿ ಮಾತ್ರ ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರ್ ಇದ್ದ ಕಾರುಗಳು ಸುಮಾರು 1.1 ಕೋಟಿ. ಅಳತೆಯ ಬಗ್ಗೆ ಜಗಳ ಆಡುವ ಧೈರ್ಯ ಬೇರೆ, ಇದು ನಮ್ಮ ಕೈಲಿ ಆಗಲ್ಲ ಅಂತ ಹೇಳುವ ಧೈರ್ಯ ಬೇರೆ.

ನನ್ನ ಟೀಮ್‌ನಲ್ಲಿ ಈಗ ಹನ್ನೊಂದು ಜನ. ಎಲ್ಲ ಸರಿ ಇದೆಯಾ ಅಂತ ಕೇಳುವುದನ್ನು ಬಿಟ್ಟಿದ್ದೇನೆ, ಆ ಪ್ರಶ್ನೆಗೆ ಹೌದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಈ ವಾರ ನಿನ್ನ ನಿದ್ದೆ ಕೆಡಿಸಿದ್ದು ಯಾವುದು ಅಂತ ಕೇಳುತ್ತೇನೆ. ಭಾರತದಿಂದ ಬಂದ ಹುಡುಗರು ಮೊದಲು 'ಮ್ಯಾನೇಜ್ ಮಾಡ್ತೀನಿ ಸಾರ್' ಅಂತ ತಿಪ್ಪೆ ಸಾರಿಸುತ್ತಾರೆ, ಇಲ್ಲಿಯವರು 'ಆನ್ ಇಟ್' ಅಂತ ಸಾರಿಸುತ್ತಾರೆ. ಎರಡಕ್ಕೂ ಅರ್ಥ ಒಂದೇ. ಎರಡನೇ ಸಲ ಕೇಳಬೇಕು, ಆಗ ನಿಜ ಹೊರಗೆ ಬರುತ್ತದೆ.

ಇಷ್ಟೆಲ್ಲ ಹೇಳುವವನು ನಾನು. ಕಳೆದ ತಿಂಗಳು ನನ್ನ ಟೀಮ್‌ನ ಒಬ್ಬ ಹುಡುಗಿ ಪಟ್ಟಿಯಲ್ಲಿ ಒಂದು ಸಾಲಿಗೆ ಕೆಂಪು ಹಾಕಿದಳು. ಅದು ನಾನೇ ಮಾಡಿದ ಯೋಜನೆ. ಮೇಲಿನವರೂ ವಿಡಿಯೋದಲ್ಲಿ ಕೂತಿದ್ದರು. ಬಾಯಲ್ಲಿ ಥ್ಯಾಂಕ್ಸ್ ಅಂದೆ, ಆದರೆ ನನ್ನ ಮುಖ ಸಣ್ಣದಾಗಿದ್ದು ಪರದೆಯ ಮೂಲೆಯಲ್ಲಿ ನನಗೇ ಕಂಡಿತು. ಅವಳಿಗೂ ಕಂಡಿರುತ್ತದೆ. ಮುಂದಿನ ವಾರ ಆ ಸಾಲು ಹಳದಿಯಾಗಿತ್ತು. ತೊಂದರೆ ನಿಜವಾಗಿಯೂ ಅರ್ಧ ಬಗೆಹರಿದಿತ್ತಾ ಅಥವಾ ನನ್ನ ಮುಖ ನೋಡಿ ಬಣ್ಣ ಬದಲಾಯಿತಾ ಅಂತ ನಾನಿನ್ನೂ ಕೇಳಿಲ್ಲ.