ಬೋಟಿಗೂ ಲೈಸೆನ್ಸ್ ಇರ್ತತಾ ಮೇಡಂ?

ಹೋದ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ದಾರಿಯಲ್ಲಿ ಒಂದು ಕಡೆ ಬೋಟಿಂಗ್ ಇತ್ತು. ಬೆಳಗ್ಗೆ ದಾವಣಗೆರೆ ಬಿಟ್ಟಾಗಿನಿಂದ ಮಕ್ಕಳ ಬಾಯಲ್ಲಿ ಅದೊಂದೇ ಮಾತು. ಇಂಜಿನ್ ಬೋಟು. ಓಡಿಸುವ ಹುಡುಗನಿಗೆ ಇಪ್ಪತ್ತು ವರ್ಷ ಇರಬಹುದು. ಮಕ್ಕಳು ಹತ್ತುವ ಮುಂಚೆ ಕೇಳಿದೆ, "ಲೈಸೆನ್ಸ್ ಐತೇನಪ್ಪಾ?"

"ಐತಲ್ರಿ ಮೇಡಂ" ಅಂದವನೇ ಜೇಬಿನಿಂದ ಪರ್ಸ್ ತೆಗೆದು ಬೈಕಿನ ಡಿಎಲ್ ತೋರಿಸಿದ.

ಇದಲ್ಲಪ್ಪಾ, ಬೋಟಿಂದು ಅಂದೆ.

"ಬೋಟಿಗೂ ಲೈಸೆನ್ಸ್ ಇರ್ತತಾ ಮೇಡಂ?"

ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅವನಿಗೆ ಇದನ್ನು ಯಾರೂ ಹೇಳಿಯೇ ಇಲ್ಲ. ನಾನು ಮಕ್ಕಳನ್ನು ಹತ್ತಿಸಲಿಲ್ಲ. ಕೆಲವರು ಅತ್ತೇ ಬಿಟ್ಟರು. "ದಿನಾ ಇಷ್ಟು ಜನ ಹೋಗಿ ಬರ್ತಾರಲ್ಲ ಮೇಡಂ" ಅಂತ ಜೊತೆಗಿದ್ದ ಮೇಷ್ಟ್ರು ಬೇಜಾರು ಮಾಡಿಕೊಂಡರು. ಬಸ್ಸಿನಲ್ಲಿ ವಾಪಸ್ ಬರುವಾಗ ಯಾರೂ ಹಾಡು ಹೇಳಲಿಲ್ಲ. ಆದರೂ ನಾನು ಮಾಡಿದ್ದು ಸರಿ ಅಂತಲೇ ಈಗಲೂ ನಂಬಿದ್ದೇನೆ.

ಏಕೆಂದರೆ ನನ್ನ ತಲೆಯಲ್ಲಿ ವಡೋದರಾ ಇತ್ತು. 2024ರ ಜನವರಿ 18. ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿತು. 12 ಮಕ್ಕಳು, ಇಬ್ಬರು ಟೀಚರ್ ತೀರಿಕೊಂಡರು. ಹಿಡಿಸುವುದಕ್ಕಿಂತ ಜಾಸ್ತಿ ಜನ ಹತ್ತಿದ್ದರು. ಎಷ್ಟೋ ಮಕ್ಕಳಿಗೆ ಲೈಫ್ ಜಾಕೆಟ್ ಇರಲಿಲ್ಲ. ಅದು ಸಮುದ್ರ ಅಲ್ಲ, ಊರೊಳಗಿನ ಕೆರೆ. ನಮ್ಮ ರಾಜ್ಯದಲ್ಲೇ, 2019ರ ಜನವರಿಯಲ್ಲಿ, ಕಾರವಾರದ ಕೂರ್ಮಗಡ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಅವತ್ತು ಕೂಡ ದಿನಾ ಹೋಗಿ ಬರುವ ನೀರೇ ಅಲ್ವಾ?

ಕಾನೂನು ಇಲ್ಲ ಅಂತಲ್ಲ. 1917ರ ಹಳೇ ಕಾಯ್ದೆ ತೆಗೆದು 2021ರಲ್ಲಿ ಹೊಸ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಅದರ ಪ್ರಕಾರ ಇಂಜಿನ್ ಇರುವ ದೋಣಿಗೆ ನೋಂದಣಿ ಬೇಕು, ತಪಾಸಣೆ ಆಗಿರಬೇಕು, ವಿಮೆ ಬೇಕು. ನಡೆಸುವವರಿಗೆ ಅರ್ಹತಾ ಪತ್ರ ಬೇಕು. ಹುಟ್ಟು ಹಾಕುವ ದೋಣಿಯ ಹೆಸರನ್ನೂ ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಮಟ್ಟದಲ್ಲಿ ಬರೆಸಬೇಕು ಅಂತಿದೆ. ಪುಸ್ತಕದಲ್ಲಿ ಎಲ್ಲ ಸರಿಯಾಗಿದೆ. ಆದರೆ ಬೈಕಿನ ಎಲ್‌ಎಲ್ ಎಲ್ಲಿ ಮಾಡಿಸಬೇಕು ಅಂದರೆ ನಮ್ಮ ಬೀದಿಯ ಟೀ ಅಂಗಡಿಯವರೂ ದಾರಿ ತೋರಿಸುತ್ತಾರೆ. ಬೋಟಿನ ಲೈಸೆನ್ಸ್ ಅಂದರೆ ನಾನು ಕೇಳಿದ ಒಬ್ಬರಿಗೂ ಗೊತ್ತಿರಲಿಲ್ಲ.

ಆಮೇಲೆ ನಾನೇ ಕೂತು ಓದಿದೆ. ಓದಿದಷ್ಟೂ ಭಯ ಜಾಸ್ತಿ ಆಯ್ತು. ಆ ಹುಡುಗ ತೋರಿಸಿದ ಡಿಎಲ್ ರಸ್ತೆದು. ರಸ್ತೆಯಲ್ಲಿ ನಾವು ಎಡಕ್ಕೆ ಹೋಗುತ್ತೇವೆ. ನೀರಿನಲ್ಲಿ ಎರಡು ಇಂಜಿನ್ ಬೋಟು ಎದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಅಡ್ಡ ಬರುವಾಗ ನಮ್ಮ ಬಲಗಡೆಯಿಂದ ಬರುವ ಬೋಟಿಗೆ ದಾರಿ ಬಿಡಬೇಕು. ಹಿಂದೆ ಕೂತು ಇಂಜಿನ್ನಿನ ಹಿಡಿ ತಿರುಗಿಸುವ ಸಣ್ಣ ಬೋಟಿನಲ್ಲಿ ಹಿಡಿಯನ್ನು ಬಲಕ್ಕೆ ತಳ್ಳಿದರೆ ಬೋಟು ಎಡಕ್ಕೆ ಹೋಗುತ್ತದೆ. ಬ್ರೇಕ್ ಅನ್ನುವುದೇ ಇಲ್ಲ. ಒಂದು ಮಗು ಬಲಗಡೆ ನೀರಿಗೆ ಬಿತ್ತು ಅನ್ನಿ. ಗಾಬರಿಯಲ್ಲಿ ಯಾರಾದರೂ ಎಡಕ್ಕೆ ತಿರುಗಿಸುತ್ತಾರೆ, ಮಗುವಿನಿಂದ ದೂರ ಹೋಗೋಣ ಅಂತ. ಆಗ ಬೋಟಿನ ಹಿಂಭಾಗ, ಅಂದರೆ ತಿರುಗುವ ಫ್ಯಾನ್, ನೇರ ಮಗುವಿನ ಕಡೆಗೇ ಬರುತ್ತದೆ. ಬಲಗಡೆ ಬಿದ್ದರೆ ಬಲಕ್ಕೇ ತಿರುಗಿಸಬೇಕು, ಇಂಜಿನ್ ನ್ಯೂಟ್ರಲ್ ಮಾಡಬೇಕು. ಇದನ್ನು ಯಾರಾದರೂ ಹೇಳಿಕೊಟ್ಟು, ಹತ್ತು ಸಲ ಮಾಡಿಸಿದರೆ ಮಾತ್ರ ಕೈಗೆ ಬರುತ್ತದೆ. ಆ ಹುಡುಗ ಬೆಸ್ತರ ಮನೆಯವನು, ಈಜಿನಲ್ಲಿ ಅವನ ಸಮ ನಾವ್ಯಾರೂ ಇಲ್ಲ. ಆದರೆ ಈಜು ಬೇರೆ, ಹತ್ತು ಜನರನ್ನು ಕೂರಿಸಿಕೊಂಡು ಇಂಜಿನ್ ನಡೆಸುವುದು ಬೇರೆ.

ನಮ್ಮ ಅಕ್ಕನ ಮಗ ಟೊರಾಂಟೊದಲ್ಲಿದ್ದಾನೆ. ಕೆನಡಾದಲ್ಲಿ 1999ರಲ್ಲಿ ನಿಯಮ ತಂದು, ಹಂತ ಹಂತವಾಗಿ 2009ರ ಹೊತ್ತಿಗೆ ಇಂಜಿನ್ ಇರುವ ಮೋಜಿನ ದೋಣಿ ನಡೆಸುವ ಎಲ್ಲರಿಗೂ ಅರ್ಹತಾ ಪತ್ರ ಕಡ್ಡಾಯ ಮಾಡಿದರಂತೆ. ಅವನು ಮನೆಯಲ್ಲೇ ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದು ಕಾರ್ಡ್ ತೆಗೆದುಕೊಂಡ. ನನಗೆ ಅದೂ ಸಾಲದು ಅನಿಸುತ್ತದೆ. ಆರ್‌ಟಿಒದಲ್ಲಿ ಎಂಟು ಹಾಕಿಸಿದ ಹಾಗೆ ನೀರಿನಲ್ಲಿ ಇಳಿಸಿ ನೋಡಬೇಕು. ನೀರಿಗೆ ಒಂದು ಗೊಂಬೆ ಎಸೆದು, ಎತ್ತಿಕೊಂಡು ಬಾ ಅನ್ನಬೇಕು.

ಆ ಪರೀಕ್ಷೆ ಕನ್ನಡದಲ್ಲಿ ಆಗಬೇಕು, ಇಲ್ಲೇ ಆಗಬೇಕು. ಇದು ನನಗೆ ಬಹಳ ಮುಖ್ಯ. ಸೂಳೆಕೆರೆಯಲ್ಲಿ ತೆಪ್ಪ ಹಾಕುವವರನ್ನು, ಹರಿಹರದ ಹೊಳೆದಂಡೆಯಲ್ಲಿ ಬಲೆ ಬೀಸುತ್ತಾ ಬೆಳೆದವರನ್ನು ಫಾರಂ ತುಂಬಲು ಬರಲ್ಲ ಅಂತ ಹೊರಗಿಡಬಾರದು. ನೀರಲ್ಲಿ ಹೂಳು ಎಲ್ಲಿದೆ, ಮೇ ತಿಂಗಳ ಸಂಜೆ ಗಾಳಿ ಯಾವ ಕಡೆಯಿಂದ ಏಳುತ್ತದೆ ಅಂತ ಗೊತ್ತಿರುವುದು ಅವರಿಗೇ. ಬ್ರೋಕರ್ ಕೈಗೆ ದುಡ್ಡು ಕೊಟ್ಟು ಬೇರೆ ಯಾರೋ ಲೈಸೆನ್ಸ್ ತಂದು, ಇವರು ದಡದಲ್ಲಿ ನಿಲ್ಲುವ ಹಾಗೆ ಆದರೆ ನಾನು ಕೇಳುತ್ತಿರುವುದಕ್ಕೆ ಅರ್ಥವೇ ಇಲ್ಲ.

ಇದು ಈಗಲೇ ಆಗಬೇಕು ಅನ್ನಲು ಕಾರಣ ಇದೆ. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. 89 ವರ್ಷ. ಆಮೇಲೆ 2025ರಲ್ಲೂ ಬಿತ್ತು. ನಮ್ಮ ಕಡೆ ಇಷ್ಟು ನೀರು ನೋಡಿದ ಅಭ್ಯಾಸವೇ ನಮಗಿಲ್ಲ. ತುಂಬಿದ ನೀರು ಕಂಡರೆ ಇಳಿಯಬೇಕು ಅನಿಸುತ್ತದೆ, ಫೋಟೋ ಬೇಕು ಅನಿಸುತ್ತದೆ. ಬೋಟು ಬರಲಿ, ನನಗೂ ಆಸೆ ಇದೆ. ಬೋಟಿಗಿಂತ ಮುಂಚೆ ಕಲಿತವರು ಬರಲಿ.

ಆ ಹುಡುಗನ ನಂಬರ್ ಅವತ್ತೇ ತೆಗೆದುಕೊಂಡಿದ್ದೆ. ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಪವರ್ ಬೋಟ್ ನಡೆಸುವುದನ್ನು, ನೀರಿಗೆ ಬಿದ್ದವರ ಜೀವ ಉಳಿಸುವುದನ್ನು ಕಲಿಸುತ್ತಾರೆ. ಆ ವಿವರ ಅವನಿಗೆ ಕಳಿಸಿದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ರಾತ್ರಿ ಫೋನ್ ಮಾಡಿ, ಫೀಸು ಎಷ್ಟು, ಉಳಿಯೋದು ಎಲ್ಲಿ, ಹಿಂದಿ ಬರಲ್ಲ ನಡೀತದಾ ಅಂತ ಕೇಳಿದ. ನಾವು ಮೂವರು ಟೀಚರ್ ಸೇರಿ ಅವನ ಫೀಸಿಗೆ ದುಡ್ಡು ಹೊಂದಿಸುತ್ತಿದ್ದೇವೆ. ಬೇಜಾರು ಮಾಡಿಕೊಂಡಿದ್ದ ಮೇಷ್ಟ್ರೂ ಅದರಲ್ಲಿದ್ದಾರೆ. ಆ ಕೋರ್ಸ್ ಮಾಡಿ ಬಂದವರು ನಮ್ಮ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಅವನ ಹತ್ತಿರ ಒಂದು ಸಲ ಕನ್ನಡದಲ್ಲಿ ಮಾತಾಡಿಸಬೇಕು.